ಹ್ಯಾಜಾಪ್ ಹಾಳೆಯಲ್ಲಿ ಇಲ್ಲದ ಎರಡು ಕಾಲಂ

ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಕಡೆ ಬಲ್ಕ್ ಡ್ರಗ್, ರೆಸಿನ್, ಪೇಂಟ್ ತಯಾರಿಸುವ ಘಟಕಗಳಲ್ಲಿ ಅಪಾಯ ವಿಶ್ಲೇಷಣೆ ಎಂದರೆ ಸಾಮಾನ್ಯವಾಗಿ ಹ್ಯಾಜಾಪ್ (ಹ್ಯಾಜರ್ಡ್ ಅಂಡ್ ಆಪರೆಬಿಲಿಟಿ ಸ್ಟಡಿ). ಪೈಪು, ವಾಲ್ವು, ಮೀಟರುಗಳೆಲ್ಲ ಇರುವ ಪಿ ಅಂಡ್ ಐಡಿ ನಕ್ಷೆಯನ್ನು ಮುಂದಿಟ್ಟುಕೊಂಡು, ಘಟಕವನ್ನು ನೋಡ್ ಎಂಬ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ‘ಹರಿವು ನಿಂತರೆ?’, ‘ಉಷ್ಣತೆ ಏರಿದರೆ?’, ‘ಹಿಂದಕ್ಕೆ ಹರಿದರೆ?’ ಎಂದು ಕೇಳುತ್ತ ಹೋಗುವ ಕ್ರಮ ಇದು. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ರೂಪುಗೊಂಡಿತು. ಈಗ ಇದಕ್ಕೆ ಐಇಸಿ 61882 ಎಂಬ ಮಾನಕವೇ ಇದೆ. ಹಾಳೆಯಲ್ಲಿ ಕಾಲಂಗಳು ಐದಾರು: ವಿಚಲನೆ, ಕಾರಣ, ಪರಿಣಾಮ, ಈಗಿರುವ ರಕ್ಷಣೆ, ಅಪಾಯದ ಮಟ್ಟ, ಶಿಫಾರಸು.

ಈ ಹಾಳೆಯ ಅಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ. ಯಂತ್ರಗಳು ತಾವಾಗಿಯೇ ಕೆಡುತ್ತವೆ, ಒಂದು ಸಲಕ್ಕೆ ಒಂದು ಕೆಡುತ್ತದೆ, ಕೆಟ್ಟದ್ದನ್ನು ಇನ್ನೊಂದು ಕಾಯುತ್ತದೆ ಎಂಬುದು ಆ ನಂಬಿಕೆ. ವಾಲ್ವು, ಪಂಪುಗಳನ್ನು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಸೋಂಕಿಲ್ಲದಿದ್ದ ಕಾಲಕ್ಕೆ ಅದು ಸಾಕಿತ್ತು. ಇವತ್ತು ಪಿಎಲ್‌ಸಿ ಕೂರಿಸಿದ ಪ್ಯಾನೆಲ್ ಮಾಡಿಕೊಟ್ಟವರು ದೂರದಿಂದಲೇ ರಿಪೇರಿ ಮಾಡಲೆಂದು ಬಾಗಿಲೊಳಗೆ ಒಂದು 4ಜಿ ರೂಟರ್ ಬಿಟ್ಟು ಹೋಗಿರುತ್ತಾರೆ. ಘಟಕವನ್ನು ಪರದೆಯ ಮೇಲೆ ತೋರಿಸಿ ನಡೆಸುವ ಸ್ಕಾಡಾ ಕಂಪ್ಯೂಟರಿನ ಡೇಟಾ ಮಾಲೀಕರ ಮೊಬೈಲಿಗೆ ಬರುತ್ತಿರುತ್ತದೆ. ಸೈಬರ್ ಭದ್ರತೆಯ ಪರಿಶೀಲನೆಯೂ ನಡೆಯುತ್ತದೆ, ಆದರೆ ಬೇರೆಯಾಗಿ. ಐಟಿಯವರು ಬಂದು ಫೈರ್‌ವಾಲ್, ಪಾಸ್‌ವರ್ಡ್, ಆಂಟಿವೈರಸ್ ನೋಡಿ ವರದಿ ಕೊಟ್ಟು ಹೋಗುತ್ತಾರೆ. ಆ ಕಂಪ್ಯೂಟರಿನಿಂದ ಯಾವ ವಾಲ್ವ್ ತೆರೆಯುತ್ತದೆ, ತೆರೆದರೆ ರಿಯಾಕ್ಟರಿನೊಳಗೆ ಏನಾಗುತ್ತದೆ ಎಂಬ ಪ್ರಶ್ನೆ ಎರಡೂ ವರದಿಗಳಲ್ಲಿ ಇರುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿಯಾದದ್ದೇನೂ ಅಲ್ಲ. ಹ್ಯಾಜಾಪ್ ಹಾಳೆಗೆ ಎರಡು ಕಾಲಂ ಸೇರಿಸಬೇಕು. ‘ಈ ಕಾರಣವನ್ನು ಕೀಬೋರ್ಡಿನಿಂದ ಉಂಟುಮಾಡಬಹುದೇ?’ ಎಂಬುದು ಒಂದು. ‘ಈ ರಕ್ಷಣೆಯನ್ನು ಕೀಬೋರ್ಡಿನಿಂದ ಇಲ್ಲವಾಗಿಸಬಹುದೇ?’ ಎಂಬುದು ಇನ್ನೊಂದು. ಯಾವ ಸಾಲಿನಲ್ಲಿ ಕಾರಣಕ್ಕೂ ಎಲ್ಲ ರಕ್ಷಣೆಗಳಿಗೂ ‘ಹೌದು’ ಬರುತ್ತದೋ ಅಲ್ಲಿ ಪ್ರೋಗ್ರಾಂ ಇಲ್ಲದ, ನೆಟ್‌ವರ್ಕ್ ಇಲ್ಲದ ಒಂದು ರಕ್ಷಣೆ ಬೇಕೇ ಬೇಕು.

ಒಂದು ರಿಯಾಕ್ಟರ್, ಒಂದು ಲೆಕ್ಕ

ಉದಾಹರಣೆಗೆ 3 ಸಾವಿರ ಲೀಟರಿನ ಒಂದು ಗ್ಲಾಸ್ ಲೈನ್ಡ್ ರಿಯಾಕ್ಟರ್ ತೆಗೆದುಕೊಳ್ಳೋಣ. ಒಳಮೈಗೆ ಗಾಜಿನ ಪದರವಿರುವ ಪಾತ್ರೆ ಇದು, ಶಾಪ್ ಫ್ಲೋರಿನಲ್ಲಿ ಜಿಎಲ್ಆರ್ ಎನ್ನುತ್ತಾರೆ. ಒಳಗೆ ದ್ರಾವಕವಾಗಿ ಟೊಲ್ವೀನ್. ಮೇಲಿನ ಡೋಸಿಂಗ್ ಟ್ಯಾಂಕಿನಿಂದ ಇನ್ನೊಂದು ರಾಸಾಯನಿಕವನ್ನು 4 ಗಂಟೆಗಳಲ್ಲಿ ನಿಧಾನವಾಗಿ ಬಿಡಬೇಕು. ಒಳಗಿನ ಉಷ್ಣತೆ 30 ಡಿಗ್ರಿ ದಾಟಬಾರದು, ಪಾತ್ರೆಯ ಹೊರಕವಚದಲ್ಲಿ, ಅಂದರೆ ಜಾಕೆಟ್ಟಿನಲ್ಲಿ, ಮೈನಸ್ 5 ಡಿಗ್ರಿಯ ಬ್ರೈನ್ (ತಂಪು ಮಾಡಿದ ಉಪ್ಪುನೀರು) ಓಡುತ್ತಿದೆ. ಒಟ್ಟು ದ್ರವ್ಯ 2,000 ಕೆ.ಜಿ., ಪ್ರತಿ ಕೆ.ಜಿ.ಗೆ 150 ಕಿಲೋಜೂಲ್ ಶಾಖ ಬಿಡುವ ಕ್ರಿಯೆ ಎಂದಿಟ್ಟುಕೊಳ್ಳಿ.

ಒಟ್ಟು ಶಾಖ 3 ಲಕ್ಷ ಕಿಲೋಜೂಲ್. ನಾಲ್ಕು ಗಂಟೆಗೆ ಹಂಚಿದರೆ ಸುಮಾರು 21 ಕಿಲೋವ್ಯಾಟ್. ಜಾಕೆಟ್ಟಿನ ವಿಸ್ತೀರ್ಣ 8 ಚದರ ಮೀಟರ್, ಗಾಜಿನ ಪದರದ ಮೂಲಕ ಶಾಖ ದಾಟುವ ಗುಣಾಂಕ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 250 ವ್ಯಾಟ್ ಎಂದು ಹಿಡಿದರೆ, 35 ಡಿಗ್ರಿ ವ್ಯತ್ಯಾಸಕ್ಕೆ ಜಾಕೆಟ್ 70 ಕಿಲೋವ್ಯಾಟ್ ಹೊರತೆಗೆಯಬಲ್ಲದು. ಆರಾಮಾಗಿದೆ ಎನ್ನಿಸುತ್ತದೆ. ಈಗ ಡೋಸಿಂಗ್ ವಾಲ್ವ್ ಪೂರ್ತಿ ತೆರೆದು ಅಷ್ಟೂ ರಾಸಾಯನಿಕ 20 ನಿಮಿಷದಲ್ಲಿ ಇಳಿಯಿತು, ಇಳಿದ ಹಾಗೇ ಕ್ರಿಯೆ ನಡೆಯಿತು ಎನ್ನಿ. ಶಾಖ ಹುಟ್ಟುವ ವೇಗ 250 ಕಿಲೋವ್ಯಾಟ್. ಜಾಕೆಟ್ ಮೂರೂವರೆ ಪಟ್ಟು ಹಿಂದೆ ಬಿತ್ತು.

ತಂಪೇ ಸಿಗದಿದ್ದರೆ ಎಲ್ಲಿಗೆ ಮುಟ್ಟುತ್ತದೆ? 150ನ್ನು ದ್ರವ್ಯದ ವಿಶಿಷ್ಟ ಶಾಖ (ಒಂದು ಕೆ.ಜಿ.ಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಕಿಲೋಜೂಲ್) 1.8ರಿಂದ ಭಾಗಿಸಿದರೆ 83 ಡಿಗ್ರಿ ಏರಿಕೆ. 30ಕ್ಕೆ 83 ಸೇರಿದರೆ 113. ಟೊಲ್ವೀನ್ ಕುದಿಯುವುದು 110.6 ಡಿಗ್ರಿಯಲ್ಲಿ. ಅಂದರೆ ಪಾತ್ರೆಯೊಳಗೆ ಒತ್ತಡ ಏರಿ ದ್ರಾವಕ ಉಕ್ಕುತ್ತದೆ. ಟೊಲ್ವೀನಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ, 4 ಡಿಗ್ರಿ, ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲೂ ಅದರ ಆವಿಗೆ ಕಿಡಿ ಸಾಕು. ಈ ಎರಡು ಅಂಕೆಗಳನ್ನು, ಅಂದರೆ ಶಾಖ ಹುಟ್ಟುವ ವೇಗವನ್ನೂ ಮುಟ್ಟಬಹುದಾದ ಗರಿಷ್ಠ ಉಷ್ಣತೆಯನ್ನೂ, ಹ್ಯಾಜಾಪ್ ಸಭೆಗೆ ಮೊದಲೇ ರಿಯಾಕ್ಷನ್ ಕ್ಯಾಲೊರಿಮೀಟರಿನಲ್ಲಿ ಅಳೆದು ತಂದಿರಬೇಕು. ಅವಿಲ್ಲದೆ ಕೂತರೆ ‘ಉಷ್ಣತೆ ಹೆಚ್ಚಾದರೆ’ ಎಂಬ ಸಾಲಿನ ಮುಂದೆ ‘ಒತ್ತಡ ಹೆಚ್ಚಬಹುದು’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಎಷ್ಟು ಹೆಚ್ಚು, ಎಷ್ಟು ನಿಮಿಷದಲ್ಲಿ ಎಂಬುದೇ ಇಲ್ಲದ ಮೇಲೆ ರಕ್ಷಣೆ ಸಾಕೋ ಸಾಲದೋ ಹೇಳುವುದು ಹೇಗೆ?

ಅಮೆರಿಕದ ಜಾಕ್ಸನ್‌ವಿಲ್‌ನಲ್ಲಿ 2007ರ ಡಿಸೆಂಬರ್ 19ರಂದು ಟಿ2 ಲ್ಯಾಬೊರೇಟರೀಸ್ ಘಟಕದ ರಿಯಾಕ್ಟರ್ ಸಿಡಿದು ನಾಲ್ವರು ಸತ್ತದ್ದು ಇದೇ ಕಾರಣಕ್ಕೆ. ತಂಪು ನೀರಿಗೆ ಬದಲಿ ವ್ಯವಸ್ಥೆ ಇರಲಿಲ್ಲ. ಒತ್ತಡ ಮಿತಿ ಮೀರಿದರೆ ಒಡೆದು ಹೊರಬಿಡುವ ತಟ್ಟೆ, ಅಂದರೆ ರಪ್ಚರ್ ಡಿಸ್ಕ್ ಇತ್ತು, ಆದರೆ ಅದನ್ನು 400 ಪಿಎಸ್‌ಐ ಒತ್ತಡಕ್ಕೆ ನಿಗದಿ ಮಾಡಲಾಗಿತ್ತು. ಅಷ್ಟು ಒತ್ತಡ ಬರುವ ಹೊತ್ತಿಗೆ ಒಳಗಿನ ಎರಡನೇ ಕ್ರಿಯೆ ಯಾವ ಡಿಸ್ಕಿಗೂ ನಿಲ್ಲದ ವೇಗಕ್ಕೆ ಹೋಗಿತ್ತು.

ನಮ್ಮ ರಿಯಾಕ್ಟರಿನ ಸಾಲಿಗೆ ಬರೋಣ. ಕಾರಣ: ಡೋಸಿಂಗ್ ಕಂಟ್ರೋಲ್ ಕೆಟ್ಟಿತು. ರಕ್ಷಣೆಗಳು: 40 ಡಿಗ್ರಿಗೆ ಅಲಾರಂ ಬಡಿದಾಗ ಆಪರೇಟರ್ ವಾಲ್ವ್ ಮುಚ್ಚುವುದು, 45ಕ್ಕೆ ಇಂಟರ್‌ಲಾಕ್ ಎಂಬ ತಾನಾಗಿ ನಿಲ್ಲಿಸುವ ವ್ಯವಸ್ಥೆ ಡೋಸಿಂಗನ್ನು ಟ್ರಿಪ್ ಮಾಡುವುದು, ಕೊನೆಗೆ ರಪ್ಚರ್ ಡಿಸ್ಕ್. ರಕ್ಷಣೆಯ ಒಂದೊಂದು ಪದರ ಕೈಕೊಡುವ ಸಾಧ್ಯತೆಯನ್ನು ಗುಣಿಸುವ ಲೋಪಾ ಲೆಕ್ಕದಲ್ಲಿ ಕಂಟ್ರೋಲ್ 10 ವರ್ಷಕ್ಕೊಮ್ಮೆ ಕೆಡುತ್ತದೆ, ಆಪರೇಟರ್ 10ರಲ್ಲಿ ಒಮ್ಮೆ ತಪ್ಪುತ್ತಾನೆ, ಎಸ್‌ಐಎಲ್ 1 (ಸುರಕ್ಷತಾ ದರ್ಜೆಗಳಲ್ಲಿ ಕೆಳಗಿನದು) ಇಂಟರ್‌ಲಾಕ್ 10ರಲ್ಲಿ ಒಮ್ಮೆ ಕೈಕೊಡುತ್ತದೆ, ಡಿಸ್ಕ್ 100ರಲ್ಲಿ ಒಮ್ಮೆ. ಗುಣಿಸಿದರೆ 1 ಲಕ್ಷ ವರ್ಷಕ್ಕೊಮ್ಮೆ. ಹಾಳೆಗೆ ಹಸಿರು ಬಣ್ಣ ಬಿತ್ತು.

ಹೊಸ ಕಾಲಂ ತುಂಬಿ ನೋಡಿ. ಡೋಸಿಂಗ್ ಕಂಟ್ರೋಲ್ ಪಿಎಲ್‌ಸಿಯಲ್ಲಿದೆ: ಹೌದು. ಅಲಾರಂ ಅದೇ ಸ್ಕಾಡಾ ಪರದೆಯಲ್ಲಿದೆ: ಹೌದು. ಇಂಟರ್‌ಲಾಕ್ ಕೂಡ ಅದೇ ಪಿಎಲ್‌ಸಿ ಪ್ರೋಗ್ರಾಮಿನ ಇನ್ನೊಂದು ಸಾಲು: ಹೌದು. ಒಳಗೆ ನುಗ್ಗಿದವನಿಗೆ ಮೂರೂ ಒಂದೇ ಬಾಗಿಲು. ಅವನು ನುಗ್ಗಿದ ಮೇಲೆ 10 ವರ್ಷಕ್ಕೊಮ್ಮೆ, 10ರಲ್ಲಿ ಒಮ್ಮೆ ಎಂಬ ಮಾತಿಗೆ ಅರ್ಥವಿಲ್ಲ, ಏಕೆಂದರೆ ಆ ಅಂಕೆಗಳು ಯಂತ್ರ ತಾನಾಗಿ ಕೆಡುವುದಕ್ಕೆ ಸೇರಿದವು. ಬೇಕೆಂದೇ ಕೆಡಿಸುವವನಿಗೆ ಸೇರಿದವಲ್ಲ. ಉಳಿದದ್ದು ಡಿಸ್ಕ್ ಒಂದೇ. (ಸೈಬರ್ ಮಾತು ಬಿಟ್ಟರೂ ಈ ಲೋಪಾ ತಪ್ಪು. ಒಂದೇ ಪಿಎಲ್‌ಸಿಯಲ್ಲಿರುವ ಕಂಟ್ರೋಲಿಗೂ ಇಂಟರ್‌ಲಾಕಿಗೂ ಎರಡು ಸಲ ಅಂಕ ಕೊಡುವಂತಿಲ್ಲ. ಕಾರ್ಡ್ ಸುಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ನಮ್ಮ ಕಡೆಯ ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು.)

ಪ್ರತ್ಯೇಕ ಸುರಕ್ಷತಾ ನಿಯಂತ್ರಕ ಇದ್ದರೆ ಸಾಕೇ? 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಘಟಕದಲ್ಲಿ ಟ್ರೈಟನ್ ಎಂಬ ಮಾಲ್‌ವೇರ್ ನೇರವಾಗಿ ಟ್ರೈಕೋನೆಕ್ಸ್ ಸುರಕ್ಷತಾ ನಿಯಂತ್ರಕಗಳ ಒಳಗೇ ಹೊಕ್ಕಿತು. ನಿಯಂತ್ರಕದ ಮುಖದ ಮೇಲಿನ ಬೀಗದ ಸ್ವಿಚ್ಚು ‘ರನ್’ನಲ್ಲಿ ಇರುವ ಬದಲು ‘ಪ್ರೋಗ್ರಾಂ’ನಲ್ಲಿ ಬಿಟ್ಟದ್ದು ದಾಳಿಕೋರರಿಗೆ ದಾರಿಯಾಯಿತು. ಮಾಲ್‌ವೇರಿನ ತಪ್ಪಿನಿಂದ ನಿಯಂತ್ರಕಗಳು ಸುರಕ್ಷಿತ ಸ್ಥಿತಿಗೆ ಹೋಗಿ ಘಟಕ ನಿಂತಿತು. ವಿಷಯ ಹೊರಬಿದ್ದದ್ದೇ ಹಾಗೆ. ಆ ಕೀ ತಿರುಗಿಸುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ರನ್‌ನಲ್ಲಿಟ್ಟು, ಕೀ ತೆಗೆದು, ಶಿಫ್ಟ್ ಇನ್‌ಚಾರ್ಜ್ ಬಳಿಯ ಪೆಟ್ಟಿಗೆಯಲ್ಲಿ ಹಾಕಿ, ಯಾರು ಯಾವಾಗ ತೆಗೆದರು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು, ಅಷ್ಟೇ.

ಕಬ್ಬಿಣದ ರಕ್ಷಣೆಗಳು

‘ಹೌದು’ಗಳೇ ತುಂಬಿದ ಸಾಲಿಗೆ ಏನು ಹಾಕಬೇಕು? ಮೊದಲ ಆಯ್ಕೆ ಡೋಸಿಂಗ್ ಲೈನಿನಲ್ಲಿ ಒಂದು ರಿಸ್ಟ್ರಿಕ್ಷನ್ ಓರಿಫೈಸ್, ಅಂದರೆ ಅಳತೆ ಮಾಡಿ ತೂತು ಕೊರೆದ ತಟ್ಟೆ. ವಾಲ್ವ್ ಪೂರ್ತಿ ತೆರೆದರೂ 2 ಗಂಟೆಗಿಂತ ಬೇಗ ಟ್ಯಾಂಕ್ ಖಾಲಿಯಾಗದಂತೆ ತೂತಿನ ಗಾತ್ರ ಇಟ್ಟರೆ ಶಾಖ 42 ಕಿಲೋವ್ಯಾಟಿಗೆ ನಿಲ್ಲುತ್ತದೆ, ಜಾಕೆಟ್ಟಿನ 70ರ ಒಳಗೆ. ಡೋಸಿಂಗ್ ಟ್ಯಾಂಕನ್ನು ಒಂದು ಬ್ಯಾಚಿಗೆ ಬೇಕಾದಷ್ಟೇ ದೊಡ್ಡದು ಮಾಡಿದರೆ ಹೆಚ್ಚು ಸುರಿಯುವ ಮಾತೇ ಇಲ್ಲ. ಈ ಎರಡಕ್ಕೂ ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. ಬದಲಾಯಿಸಬೇಕೆಂದರೆ ಸ್ಪ್ಯಾನರ್ ಹಿಡಿದು ಬರಬೇಕು.

ಓರಿಫೈಸ್ ಎಲ್ಲವನ್ನೂ ಕಾಯುವುದಿಲ್ಲ. ಒಳಗಿನದನ್ನು ಕಲಕುವ ಸ್ಟಿರರ್ ನಿಂತರೆ, ಇಳಿದ ರಾಸಾಯನಿಕ ಕ್ರಿಯೆಗೊಳ್ಳದೆ ಪದರವಾಗಿ ಕೂತುಬಿಡುತ್ತದೆ. ಅರ್ಧ ಡೋಸಿಂಗ್ ಆದ ಮೇಲೆ ಯಾರೋ ಸ್ಟಿರರ್ ಮತ್ತೆ ಹಾಕಿದರೆ ಅಷ್ಟೂ ಒಮ್ಮೆಲೇ ಕ್ರಿಯೆಗೊಂಡು ಉಷ್ಣತೆ ಇದ್ದಲ್ಲಿಂದ 40 ಡಿಗ್ರಿಗೂ ಹೆಚ್ಚು ನೆಗೆಯುತ್ತದೆ. ಬೆಂಗಳೂರಿನ ಸುತ್ತ ಇದು ಪುಸ್ತಕದ ಮಾತಲ್ಲ. ಕರೆಂಟು ಹೋಗಿ ಡಿಜಿ ಸೆಟ್ ಎತ್ತಿಕೊಳ್ಳುವ ಸೆಕೆಂಡುಗಳಲ್ಲಿ ಸ್ಟಿರರಿನ ವಿದ್ಯುತ್ ಸ್ವಿಚ್ಚು (ಕಾಂಟ್ಯಾಕ್ಟರ್) ಕಡಿದುಕೊಂಡು ಸ್ಟಿರರ್ ನಿಲ್ಲುತ್ತದೆ, ಆದರೆ ಡೋಸಿಂಗ್ ಗುರುತ್ವದಿಂದ ಇಳಿಯುತ್ತಲೇ ಇರುತ್ತದೆ. ಬ್ರೈನ್ ತಂಪು ಮಾಡುವ ಚಿಲ್ಲರ್ ಡಿಜಿ ಲೋಡಿನಲ್ಲಿ ಸೇರಿರುವುದೇ ಇಲ್ಲ. ಹ್ಯಾಜಾಪಿನಲ್ಲಿ ‘ಕರೆಂಟು ಹೋದರೆ’ ಎಂಬುದಕ್ಕಿಂತ ‘ಕರೆಂಟು ಹೋಗಿ 15 ಸೆಕೆಂಡಿಗೆ ಬಂದರೆ’ ಎಂಬ ಸಾಲನ್ನು ಬೇರೆಯಾಗಿಯೇ ಬರೆಯಿರಿ. ರಕ್ಷಣೆ: ಸ್ಟಿರರ್ ಮೋಟಾರಿಗೆ, ಅದರ ಕರೆಂಟು ಇಳಿದರೆ ಕಡಿಯುವ ಒಂದು ಅಂಡರ್‌ಕರೆಂಟ್ ರಿಲೇ, ಅದರಿಂದ ನೇರ ತಂತಿ ಡೋಸಿಂಗ್ ವಾಲ್ವಿನ ಸೊಲೆನಾಯ್ಡಿಗೆ, ಮಧ್ಯೆ ಪಿಎಲ್‌ಸಿ ಇರಬಾರದು. ಡೋಸಿಂಗ್ ವಾಲ್ವ್ ತನ್ನನ್ನು ನಡೆಸುವ ಗಾಳಿಯ ಒತ್ತಡ ಹೋದರೆ ಮುಚ್ಚುವ ಬಗೆಯದು, ಬ್ರೈನ್ ವಾಲ್ವ್ ಗಾಳಿ ಹೋದರೆ ತೆರೆಯುವ ಬಗೆಯದು ಆಗಿರಬೇಕು. ರಿಲೇ ಕೊಳ್ಳುವಾಗ ಎಚ್ಚರ ಬೇಕು: ನೆಟ್‌ವರ್ಕ್ ಪೋರ್ಟ್ ಇರುವ, ಸೆಟ್ಟಿಂಗನ್ನು ದೂರದಿಂದ ಬದಲಿಸಬಹುದಾದ ರಿಲೇ ತಂದರೆ ಮತ್ತೆ ‘ಹೌದು’ ಕಾಲಮ್ಮಿಗೇ ಬಂದಿರಿ. ಅಳತೆ ಕಳಿಸುವ, ಸೆಟ್ಟಿಂಗನ್ನು ದೂರದಿಂದ ಬದಲಿಸಬಹುದಾದ ಹಾರ್ಟ್ (HART) ಟ್ರಾನ್ಸ್‌ಮಿಟರುಗಳಿಗೂ ಅದೇ ಮಾತು. ಬದಲಾವಣೆ ತಡೆಯುವ ಒಳಗಿನ ರೈಟ್ ಪ್ರೊಟೆಕ್ಟ್ ಜಂಪರನ್ನು ಹಾಕಿಯೇ ಮುಚ್ಚಳ ಮುಚ್ಚಿ.

ರಪ್ಚರ್ ಡಿಸ್ಕ್ ಮತ್ತು ಸೇಫ್ಟಿ ವಾಲ್ವ್ ಕೊನೆಯ ಗೋಡೆ, ಆದ್ದರಿಂದ ಅಲ್ಲಿ ಕಣ್ಣು ಹೆಚ್ಚು ಬೇಕು. ಉಕ್ಕುವ ರಿಯಾಕ್ಟರಿನಿಂದ ಹೊರಬರುವುದು ಬರೀ ಆವಿಯಲ್ಲ, ನೊರೆಯಂತೆ ದ್ರವವೂ ಆವಿಯೂ ಬೆರೆತದ್ದು. ಆವಿಗೆ ಮಾತ್ರ ಲೆಕ್ಕ ಹಾಕಿದ ಡಿಸ್ಕ್ ಚಿಕ್ಕದಾಗುತ್ತದೆ. ಡಿಸ್ಕಿನ ಮೇಲೆ ಸೇಫ್ಟಿ ವಾಲ್ವ್ ಕೂರಿಸಿದ್ದರೆ ಎರಡರ ನಡುವೆ ಒಂದು ಪ್ರೆಶರ್ ಗೇಜ್ ಕಡ್ಡಾಯ. ಡಿಸ್ಕಿನಲ್ಲಿ ಸೂಜಿಮೊನೆಯ ತೂತು ಬಿದ್ದು ನಡುವಿನ ಜಾಗದಲ್ಲಿ ಒತ್ತಡ ಕೂತರೆ, ಡಿಸ್ಕ್ ತನ್ನ ನಿಗದಿತ ಒತ್ತಡದಲ್ಲಿ ಒಡೆಯುವುದಿಲ್ಲ. ಕೆಳಗೆ ಐಸೊಲೇಷನ್ ವಾಲ್ವ್ ಇದ್ದರೆ ತೆರೆದ ಸ್ಥಿತಿಯಲ್ಲಿ ಬೀಗ ಹಾಕಿರಬೇಕು. ಹೊರಗಿನ ಕೊಳವೆ ಕ್ಯಾಚ್ ಟ್ಯಾಂಕಿಗೆ ಹೋಗಬೇಕು; ಪಕ್ಕದ ಶೆಡ್ಡಿನ ಶೀಟಿನ ಮೇಲಕ್ಕೆ ತಿರುಗಿಸಿದ್ದನ್ನು ರಕ್ಷಣೆ ಎನ್ನುವಂತಿಲ್ಲ.

ಕೀಬೋರ್ಡಿಗೆ ಸಿಗದ ರಕ್ಷಣೆಯೂ ಪರೀಕ್ಷೆ ಇಲ್ಲದಿದ್ದರೆ ಸತ್ತಂತೆಯೇ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಪೆಟ್ರೋಲ್ ಡಿಪೋದಲ್ಲಿ 2005ರ ಡಿಸೆಂಬರ್ 11ರಂದು ಮಟ್ಟ ತೋರಿಸುವ ಗೇಜ್ ಒಂದೇ ಕಡೆ ಸಿಕ್ಕಿಕೊಂಡಿತ್ತು. ಅದಕ್ಕಾಗಿಯೇ ಇಟ್ಟಿದ್ದ ಸ್ವತಂತ್ರ ಹೈ ಲೆವೆಲ್ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಪರೀಕ್ಷೆಯ ಸನ್ನೆಕೋಲನ್ನು ಸರಿ ಜಾಗದಲ್ಲಿ ಹಿಡಿದಿಡಲು ಒಂದು ಬೀಗ ಬೇಕಿತ್ತು, ಬೀಗದ ಉದ್ದೇಶ ತಿಳಿಯದೆ ಅದನ್ನು ಹಾಕಿರಲಿಲ್ಲ. ಟ್ಯಾಂಕ್ ತುಂಬಿ ಹರಿದು, ಆವಿಯ ಮೋಡ ಹರಡಿ ಸಿಡಿಯಿತು.

ಆಪರೇಟರ್ ಬಾಯಿ ಬಿಡದ ಸಭೆ

ಹ್ಯಾಜಾಪ್ ಕೆಡುವುದು ಹೆಚ್ಚಾಗಿ ಎರಡು ಕಡೆ: ನಕ್ಷೆಯಲ್ಲಿ ಮತ್ತು ಕುರ್ಚಿಯಲ್ಲಿ.

ನಕ್ಷೆ ಹಳೆಯದಾಗಿರುತ್ತದೆ. ಮೂರು ವರ್ಷದ ಹಿಂದೆ ಮೇಂಟೆನೆನ್ಸಿನವರು ಹಾಕಿದ ಬೈಪಾಸ್ ಲೈನ್ ಅದರಲ್ಲಿ ಇರುವುದಿಲ್ಲ. 1974ರಲ್ಲಿ ಫ್ಲಿಕ್ಸ್‌ಬರೋದಲ್ಲಿ 28 ಜನರನ್ನು ಬಲಿತೆಗೆದುಕೊಂಡದ್ದು ಇಂಥದೇ ತಾತ್ಕಾಲಿಕ ಬೈಪಾಸ್. ಅದಕ್ಕಿದ್ದ ನಕ್ಷೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು. ಸಭೆಗೆ ಮೊದಲು ಇಬ್ಬರು ನಕ್ಷೆ ಹಿಡಿದು ಪ್ರತಿ ಲೈನಿನ ಜೊತೆ ನಡೆದು, ವ್ಯತ್ಯಾಸಗಳನ್ನು ಕೆಂಪು ಪೆನ್ನಿನಲ್ಲಿ ಗುರುತಿಸಲೇಬೇಕು. ಅದೇ ನಡಿಗೆಯಲ್ಲಿ ಕೇಬಲ್ಲುಗಳನ್ನೂ ಹಿಂಬಾಲಿಸಿ. ಕಚೇರಿಯ ನೆಟ್‌ವರ್ಕ್ ಸ್ವಿಚ್ಚಿನಿಂದ ಪ್ಯಾನೆಲ್ಲಿಗೆ ಒಂದು ನೀಲಿ ಕೇಬಲ್ ಹೋಗಿರುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ, ಕಾಲ್ನಡಿಗೆಯಲ್ಲಿ ಮಾತ್ರ ಸಿಗುತ್ತದೆ.

ಇನ್ನು ಕುರ್ಚಿ. ಪ್ರೊಡಕ್ಷನ್ ಮ್ಯಾನೇಜರ್, ಸೇಫ್ಟಿ ಆಫೀಸರ್, ಇನ್‌ಸ್ಟ್ರುಮೆಂಟ್ ಇಂಜಿನಿಯರ್, ಕನ್ಸಲ್ಟಂಟ್ ಎಲ್ಲರೂ ಇರುತ್ತಾರೆ. ರಾತ್ರಿ ಪಾಳಿಯ ಆಪರೇಟರನ್ನು ಮೂಲೆಯಲ್ಲಿ ಕೂರಿಸಿರುತ್ತಾರೆ. ಸಭೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅವನು ತಲೆಯಾಡಿಸಿ ಎದ್ದು ಹೋಗುತ್ತಾನೆ. ಬ್ರೈನ್ ಪಂಪಿನ ಸ್ಟ್ರೈನರ್ ತಿಂಗಳಿಗೆರಡು ಸಲ ಕಟ್ಟಿಕೊಳ್ಳುತ್ತದೆ, 40 ಡಿಗ್ರಿ ಅಲಾರಂ ದಿನಕ್ಕೆ ಹತ್ತು ಸಲ ಸುಮ್ಮನೆ ಬಡಿಯುವುದರಿಂದ ಅದನ್ನು ಮ್ಯೂಟ್ ಮಾಡಿಟ್ಟಿದ್ದಾರೆ ಎಂಬುದು ಅವನೊಬ್ಬನಿಗೇ ಗೊತ್ತಿರುವ ಸಂಗತಿ. ಹ್ಯಾಜಾಪಿನ ಪ್ರಶ್ನೆಗಳನ್ನು ಹುಟ್ಟಿಸುವ ಗೈಡ್ ವರ್ಡ್‌ಗಳಿಗೆ ಕನ್ನಡದಲ್ಲಿ ಯಾವ ಕೊರತೆಯೂ ಇಲ್ಲ: ಇಲ್ಲ, ಹೆಚ್ಚು, ಕಡಿಮೆ, ಹಿಮ್ಮುಖ, ಜೊತೆಗೆ ಇನ್ನೇನೋ, ಅರ್ಧಂಬರ್ಧ, ಬೇರೆಯದೇ. ‘ಬ್ರೈನ್ ನಿಂತರೆ ನಿಮಗೆ ಮೊದಲು ಎಲ್ಲಿ ಗೊತ್ತಾಗುತ್ತೆ ಅಣ್ಣಾ? ಗೊತ್ತಾದ ಮೇಲೆ ವಾಲ್ವ್ ಹತ್ರ ಹೋಗೋಕೆ ಎಷ್ಟು ಹೊತ್ತು?’ ಎಂದು ಕೇಳಿದರೆ ಬರುವ ಉತ್ತರಕ್ಕೆ ಯಾವ ಸಾಫ್ಟ್‌ವೇರೂ ಸಾಟಿಯಲ್ಲ. ಆಪರೇಟರ್ ಒಡಿಶಾದಿಂದಲೋ ಬಿಹಾರದಿಂದಲೋ ಬಂದವನಾದರೆ ಅವನ ಭಾಷೆ ಬಲ್ಲ ಒಬ್ಬರು ಪಕ್ಕದಲ್ಲಿ ಕೂರಲಿ. ಕೂತದ್ದು ನಾಲ್ಕೈದು ಗಂಟೆ ದಾಟಿದರೆ ಆ ದಿನಕ್ಕೆ ನಿಲ್ಲಿಸಿ; ಸಂಜೆ ತುಂಬಿಸಿದ ಸಾಲುಗಳು ಬೆಳಗಿನ ಸಾಲುಗಳ ನಕಲಾಗಿರುತ್ತವೆ. ‘ಆಪರೇಟರ್ ಎಚ್ಚರ ವಹಿಸಬೇಕು’ ಎಂಬುದನ್ನು ಶಿಫಾರಸು ಎಂದು ಬರೆಯಲು ಬಿಡಬೇಡಿ.

ಎರಡು ಹೊಸ ಕಾಲಂಗಳಿಗೆ ಬೇರೆ ಸಭೆ ಬೇಡ. ಹ್ಯಾಜಾಪ್ ಮುಗಿದ ಮಾರನೇ ದಿನ ಅದೇ ತಂಡಕ್ಕೆ ಪಿಎಲ್‌ಸಿ ಪ್ರೋಗ್ರಾಂ ಬರೆದವರನ್ನೂ ನೆಟ್‌ವರ್ಕ್ ನೋಡುವವರನ್ನೂ ಸೇರಿಸಿ, ಸಾವು ಅಥವಾ ದೊಡ್ಡ ಬೆಂಕಿ ಎಂದು ಬರೆದ ಸಾಲುಗಳನ್ನು ಮಾತ್ರ ಎತ್ತಿಕೊಳ್ಳಿ. ಹತ್ತು ನೋಡಿನ ರಿಯಾಕ್ಟರ್ ಬ್ಲಾಕಿಗೆ ಒಂದು ದಿನ ಸಾಕಾಗುತ್ತದೆ. ಸುರಕ್ಷತಾ ಉಪಕರಣಗಳ ಮಾನಕ ಐಇಸಿ 61511 ತನ್ನ 2016ರ ಆವೃತ್ತಿಯಿಂದ ಈ ಭದ್ರತಾ ವಿಶ್ಲೇಷಣೆಯನ್ನು ಕೇಳುತ್ತಿದೆ. ನೆಟ್‌ವರ್ಕನ್ನು ವಲಯಗಳಾಗಿ ಒಡೆಯುವ ಕ್ರಮ ಐಇಸಿ 62443ರಲ್ಲಿದೆ. ಆ ದಿನ ತಪ್ಪದೇ ಕೇಳಬೇಕಾದ ಇನ್ನೊಂದು ಪ್ರಶ್ನೆ: ರಾನ್ಸಮ್‌ವೇರ್ ಬಂದು ಪರದೆಗಳೆಲ್ಲ ಕಪ್ಪಾದವು, ಡೋಸಿಂಗ್ ಅರ್ಧದಲ್ಲಿದೆ, ಏನು ಮಾಡುತ್ತೀರಿ? ರಿಯಾಕ್ಟರಿನ ಮೈಮೇಲೆ ಓದಲು ಬರುವ ಥರ್ಮಾಮೀಟರ್, ಪ್ರೆಶರ್ ಗೇಜ್, ಕೈಯಿಂದ ಮುಚ್ಚುವ ವಾಲ್ವ್, ಪ್ರೋಗ್ರಾಂ ಇಲ್ಲದ ತುರ್ತು ನಿಲುಗಡೆ ಗುಂಡಿ ಇಲ್ಲದಿದ್ದರೆ ಶಿಫಾರಸು ಅಲ್ಲೇ ಸಿದ್ಧ.

ಐಟಿ ಭದ್ರತೆಯವರಿಗೂ ಒಂದು ಮಾತು. ಘಟಕ ಓಡುತ್ತಿರುವಾಗ ಪಿಎಲ್‌ಸಿ ನೆಟ್‌ವರ್ಕಿನ ಮೇಲೆ ಸ್ಕ್ಯಾನರ್ ಓಡಿಸಬೇಡಿ. ಹಳೆಯ ಪಿಎಲ್‌ಸಿಗಳು ಅಷ್ಟಕ್ಕೇ ನಿಂತುಬಿಡುತ್ತವೆ. ಷಟ್‌ಡೌನ್ ದಿನ ನೋಡಿಕೊಳ್ಳಿ, ಇಲ್ಲವೇ ನೆಟ್‌ವರ್ಕಿನ ಮಾತನ್ನು ನಕಲಿಸಿ ಕೊಡುವ ಸ್ವಿಚ್ಚಿನ ಮಿರರ್ ಪೋರ್ಟಿನಿಂದ ಸುಮ್ಮನೆ ಕೇಳಿಸಿಕೊಳ್ಳಿ. ಚಿಕ್ಕ ಘಟಕಗಳ ಮಾಲೀಕರು ಇವತ್ತೇ ವಿಚಾರಿಸಬೇಕಾದದ್ದು, ತಮ್ಮ ಪಿಎಲ್‌ಸಿ ಪ್ರೋಗ್ರಾಮಿನ ಪ್ರತಿ ಯಾರ ಬಳಿ ಇದೆ ಎಂದು. ಪ್ಯಾನೆಲ್ ಕಟ್ಟಿದವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ, ಪ್ರೋಗ್ರಾಂ ಅಳಿಸಿಹೋದ ದಿನ ಘಟಕ ಅವರಿಗಾಗಿ ಕಾಯಬೇಕು. ಯಾರಾದರೂ ತಿದ್ದಿದ್ದರೆ ಹೋಲಿಸಿ ನೋಡಲು ಮೂಲವೇ ಇರುವುದಿಲ್ಲ. ಆ ಪ್ರತಿ ನೆಟ್‌ವರ್ಕಿಗೆ ಸೇರದ ಡಿಸ್ಕಿನಲ್ಲಿ, ಬೀಗದೊಳಗೆ ಇರಲಿ. 4ಜಿ ರೂಟರಿನ ವಿದ್ಯುತ್ತಿಗೆ ಒಂದು ಸ್ವಿಚ್ ಹಾಕಿ, ರಿಪೇರಿಗೆ ಕರೆದಾಗ ಮಾತ್ರ ಆನ್ ಮಾಡಿ.

ಕಾನೂನಿನ ಗೆರೆ ಮತ್ತು ಗೆರೆಯ ಕೆಳಗಿನವರು

ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. 1989ರ ನಿಯಮಗಳು ಪ್ರಮಾಣದ ಮೇಲೆ ನಿಂತಿವೆ. ಕ್ಲೋರಿನ್ 10 ಟನ್ ಮುಟ್ಟಿದರೆ ಇಲಾಖೆಗೆ ತಿಳಿಸಿ ತುರ್ತು ಯೋಜನೆ ಮಾಡಬೇಕು, 25 ಟನ್ ಮುಟ್ಟಿದರೆ ಸುರಕ್ಷತಾ ವರದಿ ಬೇಕು. ಟನ್ನರ್ ಎಂಬ ದೊಡ್ಡ ಸಿಲಿಂಡರ್ ಒಂದರಲ್ಲಿ 900 ಕೆ.ಜಿ. ಕ್ಲೋರಿನ್ ಇರುತ್ತದೆ. 11 ಟನ್ನರ್ ಇಟ್ಟವರು ಗೆರೆಯ ಕೆಳಗೆ, 12 ಇಟ್ಟವರು ಮೇಲೆ. ಸೋರಿದ ಒಂದು ಟನ್ನರಿಗೆ ಆ ಗೆರೆ ಗೊತ್ತಿಲ್ಲ. ಮನೆಗಳ ನಡುವೆ ಸಿಕ್ಕಿಕೊಂಡ ಗೋದಾಮು, ಶೆಡ್ಡುಗಳು ಹೆಚ್ಚಾಗಿ ಈ ಗೆರೆಯ ಕೆಳಗಿನವು. ಮೈಸೂರು ರಸ್ತೆಯ ಹೊಸಗುಡ್ಡದಹಳ್ಳಿಯಲ್ಲಿ 2020ರ ನವೆಂಬರ್ 10ರಂದು ಹೊತ್ತಿದ ದ್ರಾವಕಗಳ ಗೋದಾಮು ಇದ್ದದ್ದು ಜನವಸತಿಯ ನಡುವೆಯೇ. ಕಾನೂನು ಕೇಳದಿದ್ದರೂ ಇಂಥ ಕಡೆ ಒಂದು ದಿನದ ಹ್ಯಾಜಾಪ್ ಆಗಬೇಕು. ಬೇಕಾದ ಜನ ಈ ಊರಲ್ಲೇ ಇದ್ದಾರೆ: ಪಿಎಲ್‌ಸಿ ಬರೆಯುವವರು ಪೀಣ್ಯದಲ್ಲಿ, ನೆಟ್‌ವರ್ಕ್ ಭದ್ರತೆ ಬಲ್ಲವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ.

ಸೈಬರ್ ಕಡೆಯ ಗೆರೆ ಹೀಗೆ ಟನ್ನಿನ ಲೆಕ್ಕದ್ದಲ್ಲ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಕಂಪನಿ ಚಿಕ್ಕದಿರಲಿ ದೊಡ್ಡದಿರಲಿ, ಸ್ಕಾಡಾ ಮೇಲಿನ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಕಂಪ್ಯೂಟರುಗಳ ಗಡಿಯಾರ ಒಂದೇ ಮೂಲಕ್ಕೆ ಹೊಂದಿರಬೇಕು. ಗಡಿಯಾರದ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಪಿಎಲ್‌ಸಿ ಗಡಿಯಾರ 40 ನಿಮಿಷ ಹಿಂದೆ, ಸ್ಕಾಡಾ 5 ನಿಮಿಷ ಮುಂದೆ ಇದ್ದರೆ, ವಾಲ್ವ್ ಮೊದಲು ತೆರೆಯಿತೋ ಅಲಾರಂ ಮೊದಲು ಬಡಿಯಿತೋ ಎಂಬುದನ್ನು ಆಮೇಲೆ ಯಾರಿಂದಲೂ ಹೇಳಲಾಗುವುದಿಲ್ಲ. ಯಂತ್ರ ಕೆಟ್ಟದ್ದೋ ಕೆಡಿಸಿದ್ದೋ ತಿಳಿಯದಿದ್ದರೆ ಮುಂದಿನ ಹ್ಯಾಜಾಪಿನಲ್ಲಿ ಆ ಸಾಲಿನ ‘ಕಾರಣ’ ಖಾಲಿ ಉಳಿಯುತ್ತದೆ.